ತುಮಕೂರು ಸೀಮೆಯಲ್ಲಿ ಸಂತಾನಹೀನತೆಯ ಅರಿವು: ಒಂದು ಚಾರಿತ್ರಿಕ ಪರಿಶೀಲನೆ

ಮಕ್ಕಳಾಗದಿರುವುದು ಮನೆಯೊಳಗಿನ ದುಃಖ. ಅದಕ್ಕೆ ಚರಿತ್ರೆಯೆಂಬುದು ಉಂಟೆ ಎಂದು ಕೆಲವರು ಶಂಕಿಸಬಹುದು. ಅರಸರ ದಂಡಯಾತ್ರೆ, ದಾನಶಾಸನ, ಕಂದಾಯದ ಲೆಕ್ಕ ಇವನ್ನು ಚರಿತ್ರೆಯ ಸಾಮಗ್ರಿಯೆಂದು ಎಣಿಸುವಷ್ಟು ಸುಲಭವಾಗಿ ಮನೆವಾರ್ತೆಯ ಮೌನವನ್ನು ಎಣಿಸುವುದು ನಮಗೆ ರೂಢಿಯಲ್ಲ. ಆದರೆ ಸಂತಾನವಾಗದುದಕ್ಕೆ ಯಾರು ಕಾರಣರು, ಏನು ಮಾಡಬೇಕು, ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳಿಗೆ ಒಂದೊಂದು ಕಾಲವೂ ಒಂದೊಂದು ಬಗೆಯ ಉತ್ತರವನ್ನು ಕೊಟ್ಟಿದೆ. ಆ ಉತ್ತರಗಳು ಧರ್ಮಶಾಸ್ತ್ರದಲ್ಲಿ, ಅರಳಿಕಟ್ಟೆಯ ಕಲ್ಲುಗಳಲ್ಲಿ, ಸರಕಾರದ ಆಜ್ಞೆಗಳಲ್ಲಿ ಉಳಿದುಬಂದಿವೆ. ತುಮಕೂರು, ಗುಬ್ಬಿ, ಕುಣಿಗಲ್ ಪ್ರದೇಶವನ್ನೂ ಅದಕ್ಕೆ ಹೊಂದಿಕೊಂಡ ನೆರೆಯ ಸೀಮೆಯನ್ನೂ ಮುಖ್ಯವಾಗಿ ಗಮನದಲ್ಲಿಟ್ಟು ಅವುಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಮೊದಲು ಶಬ್ದವನ್ನೇ ನೋಡಬಹುದು. ‘ಬಂಜೆ’ ಎಂಬುದು ಸಂಸ್ಕೃತದ ‘ವಂಧ್ಯಾ’ ಶಬ್ದದ ತದ್ಭವ, ಅದು ಸ್ತ್ರೀಲಿಂಗ. ಗಬ್ಬವಾಗದ ಹಸುವಿಗೆ ಹೇಳುವ ‘ಗೊಡ್ಡು’ ಎಂಬ ಮಾತನ್ನೂ ಜನ ಹೆಂಗಸಿನ ಮೇಲೆ ಎಸೆದದ್ದುಂಟು. ಗಂಡಸಿಗೆ ಇದಕ್ಕೆ ಸಮನಾಗಿ ಬಳಕೆಯಲ್ಲಿರುವ ಪದವಿಲ್ಲ. ‘ಷಂಡ’, ‘ನಪುಂಸಕ’ ಎಂಬ ಶಬ್ದಗಳು ಸಂಭೋಗಶಕ್ತಿಯ ಅಭಾವವನ್ನು ಸೂಚಿಸುತ್ತವೆಯೇ ಹೊರತು, ಶಕ್ತನಾಗಿದ್ದೂ ಬೀಜದೋಷದಿಂದ ಮಕ್ಕಳನ್ನು ಪಡೆಯಲಾರದವನನ್ನಲ್ಲ. ಹೆಸರಿಲ್ಲದ ದೋಷವನ್ನು ಹುಡುಕುವವರು ವಿರಳವೆಂಬುದು ಇಲ್ಲಿಯೇ ತಿಳಿದುಬರುತ್ತದೆ.

ಶಾಸ್ತ್ರಗ್ರಂಥಗಳಲ್ಲಿ ಪರಿಸ್ಥಿತಿ ಇಷ್ಟು ಏಕಪಕ್ಷೀಯವಾಗಿರಲಿಲ್ಲ. ಸುಶ್ರುತಸಂಹಿತೆಯು ಗರ್ಭಧಾರಣೆಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕನ್ನು ಹೇಳಿ, ಬೆಳೆಗೆ ಕಾಲ, ಹೊಲ, ನೀರು, ಬಿತ್ತ ಹೇಗೋ ಗರ್ಭಕ್ಕೆ ಇವು ಹಾಗೆ ಎಂದು ವಿವರಿಸುತ್ತದೆ. ಶುಕ್ರದೋಷಗಳನ್ನು ಅದು ಪ್ರತ್ಯೇಕವಾಗಿಯೇ ಎಣಿಸಿದೆ. ರಾಗಿ, ನೆಲಗಡಲೆ ಬೆಳೆಯುವ ನಮ್ಮ ಸೀಮೆಯ ರೈತನಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೊಳಕೆ ಬಾರದಿದ್ದರೆ ಆತ ಹೊಲವನ್ನು ಮಾತ್ರ ದೂರದೆ ಬಿತ್ತನೆಯ ಕಾಳನ್ನೂ ಪರೀಕ್ಷಿಸುತ್ತಾನೆ. ಆ ವಿವೇಕ ಹೊಲದಿಂದ ಮನೆಯೊಳಕ್ಕೆ ಬರಲಿಲ್ಲ. ಮನೆಯೊಳಕ್ಕೆ ಬಂದುದು ಮನುಸ್ಮೃತಿಯ ವಿಧಿ: ಬಂಜೆಯಾದ ಹೆಂಡತಿಯಿರುವಾಗ ಎಂಟನೆಯ ವರ್ಷದಲ್ಲಿ, ಮಕ್ಕಳು ಸತ್ತುಹೋಗುವವಳಿರುವಾಗ ಹತ್ತನೆಯ ವರ್ಷದಲ್ಲಿ, ಹೆಣ್ಣನ್ನೇ ಹೆರುವವಳಿರುವಾಗ ಹನ್ನೊಂದನೆಯ ವರ್ಷದಲ್ಲಿ ಗಂಡನು ಮತ್ತೊಬ್ಬಳನ್ನು ತರಬಹುದು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರು ಪ್ರಕಟಿಸಿದ ಮೈಸೂರು ಸಂಸ್ಥಾನದ ಜಾತಿಗಳ ವಿವರಣೆಗಳಲ್ಲಿ ಮೊದಲ ಹೆಂಡತಿ ಬಂಜೆಯೆಂಬುದು ಎರಡನೆಯ ಮದುವೆಗೆ ಒಪ್ಪಿತವಾದ ಕಾರಣವಾಗಿ ಕಂಡುಬರುತ್ತದೆ. ಎರಡನೆಯವಳಿಗೂ ಮಕ್ಕಳಾಗದೆ ಹೋದಾಗ ಗಂಡನ ವಿಷಯದಲ್ಲಿ ಸಂದೇಹ ಹುಟ್ಟಬೇಕಾದುದು ನ್ಯಾಯ. ಆದರೆ ಆಗಲೂ ‘ಇಬ್ಬರೂ ಬಂಜೆಯರು’ ಎನ್ನುವುದೇ ಲೋಕರೂಢಿಗೆ ಸುಲಭವಾಗಿತ್ತು.

೨

ಋತುಕಾಲದ ಅರಿವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ; ಗರ್ಭವನ್ನು ಬಯಸಿ ಮನೆಯಲ್ಲೇ ದಿನ ಎಣಿಸುವ ಹೆಣ್ಣಿಗೆ ದೊರಕಿದ್ದ ಜ್ಞಾನ ಮುಖ್ಯವಾಗಿ ಇದೇ. ಮನುಸ್ಮೃತಿಯ ಪ್ರಕಾರ ರಜಸ್ಸು ಕಂಡ ದಿನದಿಂದ ಹದಿನಾರು ರಾತ್ರಿಗಳು ಋತುಕಾಲ. ಅದರಲ್ಲಿ ಮೊದಲಿನ ನಾಲ್ಕೂ, ಹನ್ನೊಂದನೆಯದೂ, ಹದಿಮೂರನೆಯದೂ ನಿಷಿದ್ಧ, ಉಳಿದವು ಹತ್ತು. ಸಮರಾತ್ರಿಗಳಲ್ಲಿ ಗಂಡು, ವಿಷಮರಾತ್ರಿಗಳಲ್ಲಿ ಹೆಣ್ಣು ಎಂಬ ನಂಬಿಕೆಯನ್ನು ಅನುಸರಿಸಿ ಪುತ್ರನನ್ನೇ ಬಯಸಿದವರಿಗೆ ಉಳಿಯುತ್ತಿದ್ದುದು ಆರು ರಾತ್ರಿಗಳು ಮಾತ್ರ.

ಈ ಲೆಕ್ಕವನ್ನು ಇಂದಿನ ಶಾಸ್ತ್ರಜ್ಞಾನದೊಡನೆ ಹೋಲಿಸಿ ನೋಡಿದರೆ ಒಂದು ಮುಖ್ಯವಾದ ವಿಷಯ ಗೋಚರವಾಗುತ್ತದೆ. ಅಂಡವು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಬಿಡುಗಡೆಯಾಗುವುದೆಂಬುದನ್ನು ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನೌಸ್ ಎಂಬ ವೈದ್ಯರು ೧೯೨೦ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಹಿಡಿದರು. ಆ ದಿನವೂ ಅದಕ್ಕೆ ಹಿಂದಿನ ಐದು ದಿನಗಳೂ ಗರ್ಭಕ್ಕೆ ಅನುಕೂಲವಾದ ಕಾಲ. ಇಪ್ಪತ್ತೆಂಟು ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಈ ದಿನಗಳು ಹದಿನಾರು ರಾತ್ರಿಗಳ ಒಳಗೇ ಬೀಳುತ್ತವೆ. ಒಂದು ದಿನ ಬಿಟ್ಟು ಒಂದು ದಿನ ಎಂಬ ಸಮರಾತ್ರಿಯ ಕ್ರಮದಿಂದಲೂ ಅವಳಿಗೆ ಹೆಚ್ಚಿನ ಹಾನಿಯಿಲ್ಲ. ಆದರೆ ಮುಟ್ಟು ಮೂವತ್ತೈದು ದಿನಕ್ಕೊಮ್ಮೆ ಬರುವವಳಲ್ಲಿ ಅಂಡ ಬಿಡುಗಡೆಯಾಗುವುದು ಸುಮಾರು ಇಪ್ಪತ್ತೊಂದನೆಯ ದಿನ. ಅಷ್ಟುಹೊತ್ತಿಗೆ ಶಾಸ್ತ್ರದ ಋತುಕಾಲ ಮುಗಿದಿರುತ್ತದೆ. ಇದರಿಂದ ತಿಳಿಯುವುದೇನೆಂದರೆ, ಈ ಪ್ರಾಚೀನ ಲೆಕ್ಕ ಸುಳ್ಳಲ್ಲ, ಆದರೆ ಎಲ್ಲರಿಗೂ ಸಲ್ಲುವುದೂ ಅಲ್ಲ. ಅದನ್ನು ನಿಷ್ಠೆಯಿಂದ ಪಾಲಿಸಿಯೂ ಫಲ ಕಾಣದ ಹೆಣ್ಣು ಲೆಕ್ಕವನ್ನು ಸಂದೇಹಿಸಲಿಲ್ಲ, ತನ್ನನ್ನೇ ಸಂದೇಹಿಸಿಕೊಂಡಳು.

೩

ಹೀಗೆ ಸಂದೇಹಿಸಿಕೊಂಡವಳಿಗೆ ಇದ್ದ ದಾರಿ ಹರಕೆ. ಊರ ಮುಂದಿನ ಅರಳಿ-ಬೇವಿನ ಕಟ್ಟೆಗಳ ಮೇಲೆ ಸಾಲಾಗಿ ನಿಂತಿರುವ ನಾಗರಕಲ್ಲುಗಳನ್ನು ನಾವು ದಿನವೂ ಕಾಣುತ್ತೇವೆ. ಅವುಗಳಲ್ಲಿ ಬಹುಭಾಗ ಸಂತಾನವನ್ನು ಬೇಡಿ ನಿಲ್ಲಿಸಿದವು. ಕಲ್ಲನ್ನು ಕಂಡರಿಸಿ, ಕೆಲವು ಕಾಲ ನೀರಿನಲ್ಲಿಟ್ಟು, ಪ್ರತಿಷ್ಠೆ ಮಾಡಿ, ಅಶ್ವತ್ಥಪ್ರದಕ್ಷಿಣೆ ಮಾಡುವುದು ಪದ್ಧತಿ. ಘಾಟಿ ಸುಬ್ರಹ್ಮಣ್ಯ, ವಿದುರಾಶ್ವತ್ಥ ಮೊದಲಾದ ಕ್ಷೇತ್ರಗಳಲ್ಲಿ ಇಂತಹ ಕಲ್ಲುಗಳು ಅಸಂಖ್ಯವಾಗಿವೆ. ಶಾಸನಗಳನ್ನು ಹುಡುಕುವ ವಿದ್ವಾಂಸರು ಅಕ್ಷರವಿಲ್ಲವೆಂದು ಇವುಗಳನ್ನು ದಾಟಿಹೋಗುವುದುಂಟು. ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ ೧೯೦೪ರಲ್ಲಿಯೇ ರೈಸ್ ಅವರಿಂದ ಪ್ರಕಟವಾಯಿತು. ಅದರಲ್ಲಿ ಅರಸರೂ ದಾನಿಗಳೂ ಹೆಸರಿನೊಡನೆ ಇದ್ದಾರೆ. ನಾಗರಕಲ್ಲು ನಿಲ್ಲಿಸಿದವಳಿಗೆ ಹೆಸರಿಲ್ಲ. ಆದರೂ ಮಕ್ಕಳಿಲ್ಲದ ಹೆಂಗಸರು ಈ ನೆಲದಲ್ಲಿ ಬಿಟ್ಟುಹೋದ ದಾಖಲೆಯೆಂದರೆ ಇದೇ ಎಂದು ನಮ್ಮ ಅಭಿಪ್ರಾಯ. ಒಂದು ಮಾತನ್ನು ಗಮನಿಸಬೇಕು: ನಾಗಪ್ರತಿಷ್ಠೆಯಲ್ಲಿ ದಂಪತಿಗಳು ಜೊತೆಯಾಗಿ ಕುಳಿತುಕೊಳ್ಳುತ್ತಾರೆ. ದೋಷವನ್ನು ಹೆಣ್ಣಿನ ಮೇಲೆ ಹೊರಿಸಿದ ಸಮಾಜವೇ ಪರಿಹಾರಕ್ಕೆ ಇಬ್ಬರನ್ನೂ ಕರೆದುದು ಅರ್ಥವತ್ತಾಗಿದೆ.

ಅರಮನೆಯ ಸಂಗತಿ ಬೇರೆ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದಾಗ ಅಲಮೇಲಮ್ಮನು ಶಪಿಸಿದಳೆಂಬ ಐತಿಹ್ಯ ಸುಪ್ರಸಿದ್ಧವಾದುದು. ಅದರ ಪ್ರಕಾರ ಮಕ್ಕಳಾಗದ ಶಾಪ ತಗುಲಿದುದು ಅರಸರಿಗೆ, ರಾಣಿಯರಿಗಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕ್ಕೆ ಹಕ್ಕುಳ್ಳ ಔರಸಪುತ್ರನಿಲ್ಲದೆ ೧೮೬೫ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಬ್ರಿಟಿಷ್ ಸರಕಾರ ೧೮೬೭ರಲ್ಲಿ ಅದನ್ನು ಒಪ್ಪಿತು. ೧೮೮೧ರಲ್ಲಿ ರಾಜ್ಯ ಮರಳಿ ಬಂದಿತು. ಒಂದು ದತ್ತಕದ ಮೇಲೆ ಸಂಸ್ಥಾನದ ಭವಿಷ್ಯವೇ ನಿಂತಿತ್ತು. ಅರಮನೆಯಲ್ಲಿ ಸಂತಾನಹೀನತೆ ರಾಜಕಾರಣವಾಗಿ ಬಹಿರಂಗ ಚರ್ಚೆಗೆ ಬಂದಿತು. ಗುಡಿಸಲಿನಲ್ಲಿ ಅದು ಹೆಣ್ಣಿನ ಕರ್ಮವಾಗಿಯೇ ಉಳಿಯಿತು.

೪

ಆಧುನಿಕ ವೈದ್ಯದ ಆಗಮನದಿಂದ ಈ ಸ್ಥಿತಿ ಬದಲಾಯಿತೆ? ಆದರೆ ಎಷ್ಟರಮಟ್ಟಿಗೆ? ೧೯೩೦ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, ಮೈಸೂರು ಸರಕಾರವು ತನ್ನ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರಕಾರವೇ ಇಂತಹ ಕಾರ್ಯಕ್ಕೆ ಕೈಹಾಕಿದುದು ಆ ಕಾಲಕ್ಕೆ ಅಪೂರ್ವವಾದ ಸಾಹಸ. ಮೇಲಿಂದಮೇಲೆ ಹೆತ್ತು ಸೊರಗಿದ ತಾಯಂದಿರಿಗೆ ಇದರಿಂದ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಆಜ್ಞೆ ಉದ್ದೇಶಿಸಿದುದು ಹೆರುವುದನ್ನು ಮಿತಗೊಳಿಸಬಯಸುವವಳನ್ನು, ಹೆರಲು ಬಯಸುವವಳನ್ನಲ್ಲ.

ಎರಡನೆಯ ಉದಾಹರಣೆ ಇನ್ನೂ ಸಮೀಪದ್ದು. ೧೯೫೨ರಲ್ಲಿ ಭಾರತ ಸರಕಾರವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಡಾ. ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ, ದೆಹಲಿಯ ಲೋದಿ ಕಾಲೊನಿಯಲ್ಲಿಯೂ ನಮ್ಮ ನೆರೆಯ ರಾಮನಗರದಲ್ಲಿಯೂ ‘ಸುರಕ್ಷಿತ ದಿನ’ಗಳ ಪದ್ಧತಿಯನ್ನು ಪ್ರಯೋಗಿಸಿ ನೋಡಿತು. ಓದುಬರಹವಿಲ್ಲದ ಹೆಂಗಸರಿಗೂ ತಿಳಿಯಲೆಂದು ಬಣ್ಣಬಣ್ಣದ ಮಣಿಗಳ ಸರಗಳನ್ನು ಕೊಟ್ಟು, ದಿನಕ್ಕೊಂದು ಮಣಿ ಸರಿಸುತ್ತ ಗರ್ಭ ನಿಲ್ಲುವ ದಿನ ಯಾವುದು, ನಿಲ್ಲದ ದಿನ ಯಾವುದು ಎಂದು ಗುರುತಿಸುವುದನ್ನು ಕಲಿಸಲಾಯಿತು. ಜನನಸಂಖ್ಯೆಯನ್ನು ತಗ್ಗಿಸುವುದರಲ್ಲಿ ಆ ಪ್ರಯೋಗ ಹೇಳಿಕೊಳ್ಳುವಂತಹ ಯಶಸ್ಸನ್ನು ಪಡೆಯಲಿಲ್ಲ. ನಮಗೆ ಇಲ್ಲಿ ಮುಖ್ಯವಾದುದು ಬೇರೊಂದು. ಬಿಡಬೇಕಾದ ದಿನವೆಂದು ಮಣಿ ತೋರಿಸಿದ ದಿನವೇ ಮಕ್ಕಳನ್ನು ಬಯಸುವವಳಿಗೆ ಸೇರಬೇಕಾದ ದಿನ. ಒಂದೇ ಸರವನ್ನು ಎರಡು ರೀತಿಯಾಗಿ ಓದಬಹುದಾಗಿತ್ತು. ಪ್ರಯೋಗವನ್ನು ರೂಪಿಸಿದವರ ಗುರಿ ಒಂದು ಓದಿಗೆ ಮಾತ್ರ ಮೀಸಲಾಗಿತ್ತು.

ಕುಣಿಗಲಿನಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಕುದುರೆ ಫಾರಂ ಉಂಟು. ಜಾತಿಕುದುರೆಗಳನ್ನು ಬೆಳೆಸುವ ಕಸುಬಿನಲ್ಲಿ ಗಂಡು, ಹೆಣ್ಣು ಎರಡರ ವಂಶಾವಳಿಯನ್ನೂ, ಸೇರಿಸಿದ ದಿನವನ್ನೂ, ಮರಿಯಾದ ದಿನವನ್ನೂ ಬರೆದಿಡುವುದು ನಿಯಮ. ಗಬ್ಬವಾಗದಿದ್ದರೆ ಗಂಡುಕುದುರೆಯನ್ನೂ ಪರೀಕ್ಷಿಸುತ್ತಾರೆ. ಅದೇ ತಾಲ್ಲೂಕಿನ ಹಳ್ಳಿಗಳಲ್ಲಿ ಗಂಡಸನ್ನು ಪರೀಕ್ಷಿಸಬೇಕೆಂಬ ಮಾತನ್ನು ಮನೆಯಲ್ಲಿ ಎತ್ತುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಯೋಚಿಸಿದರೆ ಖೇದವಾಗುತ್ತದೆ.

ಈ ನಡುವೆ ಕಾನೂನು ಮುಂದೆ ಹೋಯಿತು. ೧೯೫೫ರ ಹಿಂದೂ ವಿವಾಹ ಕಾಯಿದೆ ಎರಡನೆಯ ಮದುವೆಯನ್ನು ನಿಷೇಧಿಸಿತು. ಮಕ್ಕಳಾಗದಿರುವುದನ್ನು ವಿಚ್ಛೇದನಕ್ಕೆ ಕಾರಣವೆಂದು ಅದು ಒಪ್ಪಲಿಲ್ಲ. ೧೯೫೬ರ ದತ್ತಕ ಕಾಯಿದೆ ಹೆಣ್ಣುಮಗುವನ್ನೂ ದತ್ತು ಪಡೆಯಲು ಅವಕಾಶ ಕೊಟ್ಟಿತು. ಮನುವಿನ ಎಂಟನೆಯ ವರ್ಷ ಕಾನೂನಿನಿಂದ ಹೋಯಿತು. ಅತ್ತೆಮನೆಯ ಮಾತಿನಿಂದ ಪೂರ್ತಿಯಾಗಿ ಹೋಗಲಿಲ್ಲ.

೫

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಕುಣಿಗಲ್ ಸೀಮೆಗೆ ಹೊಂದಿದ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ತಿಮ್ಮಕ್ಕನವರ ಚರಿತ್ರೆಯನ್ನು ಇಲ್ಲಿ ನೆನೆಯದೆ ಇರಲಾಗದು. ಕೂಲಿ ಮಾಡಿ ಬದುಕಿದ ತಿಮ್ಮಕ್ಕ, ಚಿಕ್ಕಯ್ಯ ದಂಪತಿಗಳಿಗೆ ಮಕ್ಕಳಾಗಲಿಲ್ಲ. ಅವರು ಹುಲಿಕಲ್ಲಿನಿಂದ ಕುದೂರಿನವರೆಗೆ ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು, ದನಕರು ತಿನ್ನದಂತೆ ಮುಳ್ಳು ಕಟ್ಟಿ ಸಾಕಿದರು. ಆ ಮರಗಳು ೩೮೫ ಎಂಬುದು ಪ್ರಸಿದ್ಧವಾದ ಲೆಕ್ಕ. ಚಿಕ್ಕಯ್ಯನವರು ೧೯೯೧ರಲ್ಲಿ ತೀರಿಕೊಂಡರು. ತಿಮ್ಮಕ್ಕನವರಿಗೆ ೨೦೧೯ರಲ್ಲಿ ಪದ್ಮಶ್ರೀ ಬಂದಿತು. ೨೦೨೫ರ ನವೆಂಬರಿನಲ್ಲಿ ಅವರು ಕಾಲವಾದರು.

ನಮ್ಮ ಪ್ರಾಚೀನರು ಸಪ್ತಸಂತಾನಗಳನ್ನು ಹೇಳುವಾಗ ಪುತ್ರನೊಡನೆ ಕೆರೆ, ದೇಗುಲ, ವನ, ಅಗ್ರಹಾರ ಮೊದಲಾದವನ್ನು ಸೇರಿಸಿದ್ದಾರೆ. ಅರಸರೂ ದಂಡನಾಯಕರೂ ಅವನ್ನು ಮಾಡಿಸಿ ಶಾಸನ ಹಾಕಿಸಿದರು. ಆ ಪಂಕ್ತಿಗೆ ಕೂಲಿಯ ಹೆಂಗಸೊಬ್ಬರು ಸೇರಿದುದು ನಮ್ಮ ಸೀಮೆಯ ಹೆಮ್ಮೆ. ಆದರೂ ಚರಿತ್ರಕಾರನು ಒಂದು ಎಚ್ಚರಿಕೆಯನ್ನು ಹೇಳಬೇಕಾಗುತ್ತದೆ. ಒಬ್ಬರ ಮಹತ್ಸಾಧನೆಯನ್ನು ಮುಂದೆ ಹಿಡಿದು, ಮಕ್ಕಳಿಲ್ಲದವರೆಲ್ಲ ಹೀಗೆಯೇ ಸಮಾಧಾನ ಪಡೆಯಬೇಕೆನ್ನುವುದು ನ್ಯಾಯವಲ್ಲ. ಮಕ್ಕಳಿಲ್ಲದ ಹೆಂಗಸು ತನ್ನ ಮಾನವನ್ನು ಉಳಿಸಿಕೊಳ್ಳಲು ಸಾಲುಮರ ಬೆಳೆಸಿಯೇ ತೋರಿಸಬೇಕಾದ ಋಣವೇನೂ ಇಲ್ಲ.

೬

ಇಂದು ಈ ಶೋಧಗಳ ಫಲ ನಮ್ಮ ಮುಂದಿದೆ. ೧೯೭೮ರಲ್ಲಿ ಇಂಗ್ಲೆಂಡಿನಲ್ಲಿ ಪ್ರನಾಳಶಿಶು ಹುಟ್ಟಿತು. ಅದೇ ವರ್ಷ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರು ಅದನ್ನು ಸಾಧಿಸಿದರು. ೨೦೨೧ರಲ್ಲಿ ಇಂತಹ ಚಿಕಿತ್ಸೆಯನ್ನು ನಿಯಂತ್ರಿಸುವ ಕಾಯಿದೆ ಬಂದಿತು. ಲೋಕದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬಾಳಿನ ಯಾವುದಾದರೊಂದು ಕಾಲದಲ್ಲಿ ಈ ತೊಂದರೆಗೆ ಒಳಗಾಗುವರೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ತಿಳಿಸಿದೆ. ಇಂತಹ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ಗರ್ಭಕೋಶದ ಕ್ಷಯ ನಮ್ಮ ದೇಶದಲ್ಲಿ ನಾಳಗಳನ್ನು ಮುಚ್ಚಿಬಿಡುವ ಮುಖ್ಯ ರೋಗಗಳಲ್ಲೊಂದು. ಹೊರಗೆ ಯಾವ ನೋವನ್ನೂ ತೋರದೆ ಅದು ಇರಬಹುದು. ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಲ್ಲಿಯೇ, ಇಬ್ಬರೂ ವೈದ್ಯರನ್ನು ಕಾಣಬೇಕೆಂಬುದು ಈಗ ಅಂಗೀಕೃತವಾದ ನಿಯಮ. ಗಂಡಸಿನ ಪರೀಕ್ಷೆ ಇವುಗಳಲ್ಲೆಲ್ಲ ಸುಲಭವಾದುದು, ಖರ್ಚು ಕಡಮೆಯಾದುದು. ಆದರೂ ಬಹುಕಡೆ ಅದು ಕೊನೆಗೆ ಉಳಿಯುತ್ತದೆ.

ಇಷ್ಟರಿಂದ ಸಿದ್ಧವಾಗುವುದಿಷ್ಟು. ನಮ್ಮ ಸೀಮೆಯ ಹೆಂಗಸರು ಈ ವಿಷಯದಲ್ಲಿ ಎಂದೂ ಕೇವಲ ಅಜ್ಞರಾಗಿರಲಿಲ್ಲ. ದಿನದ ಲೆಕ್ಕ ಅವರಿಗೆ ತಿಳಿದಿತ್ತು. ವ್ರತದಲ್ಲಿ ಗಂಡನನ್ನು ಜೊತೆಗೆ ಕೂರಿಸುವುದು ತಿಳಿದಿತ್ತು. ಇಲ್ಲದೆ ಹೋದುದು ಲೆಕ್ಕ ತಪ್ಪಿದಾಗ ಕೇಳುವ ಸ್ಥಳ, ಕೇಳಿದಾಗ ಕಳಂಕವಿಲ್ಲದ ಉತ್ತರ. ಶಾಸ್ತ್ರವು ಬೀಜವನ್ನು ಹೇಳಿದ್ದರೂ ಸಮಾಜ ಕ್ಷೇತ್ರವನ್ನೇ ದೂಷಿಸಿತು. ಸರಕಾರ ಋತುವನ್ನು ಕಲಿಸಿದರೂ ಅದರ ಅರ್ಧವನ್ನೇ ಕಲಿಸಿತು. ಅರಳಿಕಟ್ಟೆಗೆ ಜೊತೆಯಾಗಿ ಹೋಗುತ್ತಿದ್ದ ದಂಪತಿಗಳು ಆಸ್ಪತ್ರೆಗೂ ಜೊತೆಯಾಗಿಯೇ ಹೋಗುವಂತಾದರೆ, ಈ ಚರಿತ್ರೆಯ ಬಹುಕಾಲದ ಅನ್ಯಾಯವೊಂದು ತೀರುವುದು.