ವಾಯುಭಾರ ಕುಸಿತ ಹಾಗೂ ಅಧಿಕ ಒತ್ತಡ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹವಾಮಾನದ ಮೇಲಿನ ಪರಿಣಾಮ

‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಎಂಬ ಸುದ್ದಿ ವರ್ಷದಲ್ಲಿ ಹಲವು ಬಾರಿ ಕೇಳಿಬರುತ್ತದೆ. ಅದೊಂದನ್ನೇ ನಂಬಿ ಬಿತ್ತನೆಗೆ ಇಳಿಯುವುದಾಗಲಿ, ರಾಶಿ ಮಾಡುವುದನ್ನು ಮುಂದೂಡುವುದಾಗಲಿ ಸೂಕ್ತವಲ್ಲ. ಕುಸಿತವು ಎಲ್ಲಿ ಉಂಟಾಗಿದೆ, ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಅವಲಂಬಿಸಿ ಈ ನಾಲ್ಕು ತಾಲ್ಲೂಕುಗಳ ಮಳೆ ಬದಲಾಗುತ್ತದೆ.

ಒತ್ತಡ ಮತ್ತು ಮಳೆಯ ಸಂಬಂಧ

ಕಡಿಮೆ ಒತ್ತಡವಿರುವಲ್ಲಿಗೆ ಸುತ್ತಲಿನ ಗಾಳಿ ಹರಿದುಬಂದು ಮೇಲೇರುತ್ತದೆ. ಮೇಲೇರಿದಂತೆ ತಣಿದು, ಅದರಲ್ಲಿನ ನೀರಾವಿ ಮೋಡವಾಗಿ ಮಳೆ ಸುರಿಯುತ್ತದೆ. ಅಧಿಕ ಒತ್ತಡವಿರುವಲ್ಲಿ ಗಾಳಿಯು ಕೆಳಗಿಳಿದು ಬೆಚ್ಚಗಾಗುವುದರಿಂದ ಮೋಡ ಕರಗಿ ಆಕಾಶ ನಿರ್ಮಲವಾಗುತ್ತದೆ.

ಕುಸಿತವು ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿದ್ದಾಗ

ಜೂನ್‌ನಿಂದ ಆಗಸ್ಟ್‌ವರೆಗೆ ಇಂತಹ ಕುಸಿತಗಳು ಸಾಮಾನ್ಯವಾಗಿ ಒಡಿಶಾ ದಾಟಿ ಮಧ್ಯ ಭಾರತದತ್ತ ಸಾಗುತ್ತವೆ. ಆಗ ನಮ್ಮಲ್ಲಿ ಪಶ್ಚಿಮದ ಗಾಳಿ ಬಲಗೊಂಡು ಸಹ್ಯಾದ್ರಿಯಲ್ಲಿ ಭಾರಿ ಮಳೆಯಾಗುತ್ತದೆ. ಘಟ್ಟಕ್ಕೆ ಸಮೀಪದ ಕಿತ್ತೂರಿನಲ್ಲಿ ಉತ್ತಮ ಮಳೆಯಾದರೂ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳತ್ತ ಸಾಗಿದಂತೆ ಅದು ಕಡಿಮೆಯಾಗುತ್ತದೆ. ಪೂರ್ವದ ಹೊಲಗಳಿಗೆ ಹಲವೊಮ್ಮೆ ಮೋಡ, ಜಿಟಿಜಿಟಿ ಮಳೆ ಮತ್ತು ಬಿರುಗಾಳಿಯಷ್ಟೇ ದಕ್ಕುತ್ತವೆ.

ಆದರೆ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿನ ಮಳೆಯ ನೀರು ನವಿಲುತೀರ್ಥದ ರೇಣುಕಾಸಾಗರ ತುಂಬಿದ ಬಳಿಕ ರಾಮದುರ್ಗದತ್ತ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಪಶ್ಚಿಮದ ಭಾರಿ ಮಳೆಯ ನಡುವೆ ವಾಯವ್ಯ ಬಂಗಾಳ ಕೊಲ್ಲಿಯಲ್ಲೂ ಕುಸಿತ ಉಂಟಾಗಿತ್ತು; ಆಗ ರಾಮದುರ್ಗದ ನದಿ ದಂಡೆಯ ಊರುಗಳು ನೆರೆಗೆ ಸಿಲುಕಿದವು. ಆದುದರಿಂದ ನಿಮ್ಮ ಹೊಲದಲ್ಲಿ ಮಳೆ ಇಲ್ಲದಿದ್ದರೂ ಜಲಾಶಯದ ಹೊರಹರಿವಿನ ಪ್ರಕಟಣೆ ಗಮನಿಸಿ ಪಂಪ್‌ಸೆಟ್, ಜಾನುವಾರು ಮತ್ತು ಮೇವನ್ನು ಮುಂಚಿತವಾಗಿ ಎತ್ತರದ ಸ್ಥಳಕ್ಕೆ ಸಾಗಿಸಿರಿ.

ಕುಸಿತವು ಆಂಧ್ರ ಕರಾವಳಿಯತ್ತ ಬಂದಾಗ

ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಆಂಧ್ರ, ತೆಲಂಗಾಣ ದಾಟಿ ಬರುವ ಕುಸಿತವು ಘಟ್ಟದ ಮಳೆ ನೆರಳಿನಲ್ಲಿರುವ ಸವದತ್ತಿ, ರಾಮದುರ್ಗಗಳಿಗೂ ಧಾರಾಳ ಮಳೆ ತರಬಲ್ಲದು. ಹಿಂಗಾರಿ ಜೋಳ, ಕಡಲೆಗೆ ಬೇಕಾದ ಹಸಿಯನ್ನು ಎರೆ ಭೂಮಿ ಕೂಡಿಡುವುದು ಈ ಮಳೆಯಿಂದಲೇ. ಅತಿಯಾದರೆ ಹಾನಿಯೂ ಉಂಟು: 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಳೆಯಿಂದ ಉತ್ತರ ಕರ್ನಾಟಕದ ಒಣ ಪ್ರದೇಶಗಳೇ ಜಲಾವೃತವಾದವು. ಇಂತಹ ಮುನ್ಸೂಚನೆಯಿದ್ದಲ್ಲಿ ಕಟಾವಾದ ಸೋಯಾಅವರೆ, ಗೋವಿನಜೋಳವನ್ನು ಮುಚ್ಚಿಡಿರಿ. ಬದುಗಳ ಕೋಡಿ ಸರಿಪಡಿಸಿರಿ. ಮಳೆ ನಿಂತು ಹದ ಬಂದ ಮೇಲೆ ಬಿತ್ತಿರಿ.

ಅಧಿಕ ಒತ್ತಡದ ದಿನಗಳು

ಚಳಿಗಾಲದಲ್ಲಿ ಉತ್ತರ ಭಾರತದ ಅಧಿಕ ಒತ್ತಡದ ಕಡೆಯಿಂದ ಒಣಗಾಳಿ ಬೀಸುತ್ತದೆ. ಹಗಲು ಬಿಸಿಲು, ರಾತ್ರಿ ಚಳಿ, ಬೆಳಗಿನ ಜಾವ ಇಬ್ಬನಿ ಕಂಡುಬರುತ್ತವೆ. ರಾಶಿಗೆ ಇದು ಅನುಕೂಲ ಕಾಲ. ಸಿಂಪರಣೆಯನ್ನು ಇಬ್ಬನಿ ಆರಿದ ನಂತರವೇ ಕೈಗೊಳ್ಳಿರಿ. ಮುಂಗಾರಿನ ನಡುವೆ ಕಡಿಮೆ ಒತ್ತಡದ ಪಟ್ಟಿಯು ಹಿಮಾಲಯದ ತಪ್ಪಲಿಗೆ ಸರಿದಾಗಲೂ ಮಳೆ ಬಿಡುವು ಕೊಡುತ್ತದೆ. ಆಗ ಎಡೆ ಹೊಡೆದು ಬಿರುಕು ಮುಚ್ಚಿ ಹಸಿ ಕಾಪಾಡಿರಿ.

ಮೊಬೈಲಿನ ಒತ್ತಡದ ಅಂಕಿ

ಸಮುದ್ರ ಮಟ್ಟದ ಪ್ರಮಾಣಿತ ಒತ್ತಡ 1013.25 ಹೆಕ್ಟೋಪ್ಯಾಸ್ಕಲ್. ಬೈಲಹೊಂಗಲ 600 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿನ ನೇರ ಅಳತೆ ಸದಾ ಇದಕ್ಕಿಂತ ಬಹಳ ಕಡಿಮೆ. ಅದು ಮಳೆಯ ಸೂಚನೆಯಲ್ಲ. ಒತ್ತಡವು ದಿನವೂ ಬೆಳಿಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ರ ಸುಮಾರಿಗೆ ಇಳಿಯುವುದು ಸಹಜ. ಹೋಲಿಸುವುದಾದರೆ ಇಂದಿನ ಅಂಕಿಯನ್ನು ನಿನ್ನೆಯ ಅದೇ ಹೊತ್ತಿನ ಅಂಕಿಯೊಡನೆ ಹೋಲಿಸಿರಿ.

ಪ್ರಕಟಣೆಯನ್ನು ಓದುವ ಬಗೆ

ಭಾರತ ಹವಾಮಾನ ಇಲಾಖೆಯ ವಿಂಗಡಣೆಯಂತೆ ಗಾಳಿಯ ವೇಗ ಗಂಟೆಗೆ 31 ಕಿ.ಮೀ.ಗಿಂತ ಕಡಿಮೆಯಿದ್ದರೆ ಕಡಿಮೆ ಒತ್ತಡ ಪ್ರದೇಶ, 31ರಿಂದ 49 ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ಹಾಗೂ ಮೇಲ್ಪಟ್ಟರೆ ಚಂಡಮಾರುತ. ಈ ಹೆಸರು ಗಾಳಿಯ ಬಲವನ್ನು ತಿಳಿಸುತ್ತದೆಯೇ ಹೊರತು ನಿಮ್ಮೂರಿನ ಮಳೆಯ ಪ್ರಮಾಣವನ್ನಲ್ಲ. ವಿಸ್ತರಣಾ ಕಾರ್ಯಕರ್ತರು ರೈತರಿಗೆ ಮಾಹಿತಿ ನೀಡುವಾಗ ಕುಸಿತದ ಸ್ಥಳ, ಸಾಗುವ ದಿಕ್ಕು, ತಾಲ್ಲೂಕಿನ ಮಳೆ ಮುನ್ಸೂಚನೆ ಮತ್ತು ನದಿಯ ಹರಿವು, ಈ ನಾಲ್ಕನ್ನೂ ತಿಳಿಸತಕ್ಕದ್ದು. ಹೆಚ್ಚಿನ ಸಲಹೆಗೆ ‘ಮೇಘದೂತ್’ ಆ್ಯಪ್ ನೋಡಿರಿ ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ.