ಕೋಡಂಗಿಯ ಹೆಜ್ಜೆ: ಬಡಗುತಿಟ್ಟಿನ ಪ್ರಾಥಮಿಕ ನೃತ್ಯಶಿಕ್ಷಣ

ಕುಂದಾಪುರದಿಂದ ಕೊಲ್ಲೂರಿಗೆ ಸಾಗುವ ಮಾರ್ಗದಲ್ಲಿ ವಂಡ್ಸೆ ಎಂಬ ಊರಿದೆ. ಅದಕ್ಕೆ ಅನತಿದೂರದಲ್ಲಿ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರ ಕ್ಷೇತ್ರ. ಆ ಕ್ಷೇತ್ರದ ಹೆಸರಿನಲ್ಲಿ ಹೊರಡುವ ಯಕ್ಷಗಾನ ಮೇಳವು ಹರಕೆಯಾಟಕ್ಕಾಗಿ ಈ ಸೀಮೆಯ ಮನೆಯಂಗಳಗಳಿಗೂ ಗದ್ದೆಬಯಲುಗಳಿಗೂ ಬರುವುದು ವಾಡಿಕೆ. ಬಡಗುತಿಟ್ಟಿನ ಪ್ರಸಂಗಗಳನ್ನೂ ವೇಷಭೂಷಣಗಳನ್ನೂ ಅರ್ಥಗಾರಿಕೆಯನ್ನೂ ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಆದರೆ ಏನೂ ಅರಿಯದ ಬಾಲಕನೊಬ್ಬನು ಮೊದಲ ಹೆಜ್ಜೆಯನ್ನು ತಾಳಕ್ಕೆ ಸರಿಯಾಗಿ ಇಡಲು ಕಲಿತುದು ಎಲ್ಲಿ, ಹೇಗೆ ಎಂಬ ಪ್ರಶ್ನೆಗೆ ದೊರೆತ ಗಮನ ಅಲ್ಪ. ಪ್ರಕೃತ ಲೇಖನದ ವಿಷಯ ಅದೇ.

ಯಕ್ಷಗಾನದಲ್ಲಿ ಕಾಲು ಕೇವಲ ಚಲನೆಯ ಅಂಗವಲ್ಲ. ಗೆಜ್ಜೆ ಕಟ್ಟಿದೊಡನೆ ಅದೂ ಒಂದು ವಾದ್ಯವಾಗುತ್ತದೆ. ಹಿಮ್ಮೇಳದಲ್ಲಿ ಮದ್ದಳೆ ನುಡಿದುದನ್ನು ರಂಗದಲ್ಲಿ ಹೆಜ್ಜೆ ನುಡಿಯಬೇಕು. ಏಕತಾಳಕ್ಕೆ 4, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10, ಅಷ್ಟತಾಳಕ್ಕೆ 14 ಅಕ್ಷರಗಳು. ಈ ಲೆಕ್ಕವು ಬಾಯಿಂದ ಕೈಗೆ, ಕೈಯಿಂದ ಕಾಲಿಗೆ ಇಳಿಯದೆ ಕುಣಿತವಿಲ್ಲ. ಪಾದರಕ್ಷೆಯ ಅಡಿಗೆ ಲೋಹದ ತಗಡು ಜೋಡಿಸಿ ನೆಲವನ್ನು ತಟ್ಟುತ್ತ ಲಯ ಹುಟ್ಟಿಸುವ ಅಮೆರಿಕದ ಟ್ಯಾಪ್ ನೃತ್ಯದಲ್ಲಿಯೂ ಹೊಸಬನ ಪಾಡು ಇದೇ: ಅವನು ಮೊದಲು ಪಳಗಿಸಬೇಕಾದುದು ಕಿವಿಯನ್ನು.

ಈ ಪಳಗಿಸುವಿಕೆಗೆ ಹಿಂದಿನ ಮೇಳಗಳಲ್ಲಿ ಪ್ರತ್ಯೇಕ ಶಾಲೆಯಿರಲಿಲ್ಲ, ರಂಗವೇ ಶಾಲೆ. ಪ್ರಸಂಗಕ್ಕೆ ಮುನ್ನ ನಡೆಯುವ ಪೂರ್ವರಂಗಕ್ಕೆ ಸಭಾಲಕ್ಷಣವೆಂದು ಹೆಸರು. ಅದರ ಆರಂಭದಲ್ಲಿ ಕೋಡಂಗಿಗಳು ಕುಣಿಯುತ್ತಿದ್ದರು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಮೀಸಲಾದ ವೇಷವದು. ಕೋಡಂಗಿಯಲ್ಲಿ ಪಳಗಿದವನಿಗೆ ಬಾಲಗೋಪಾಲ, ಅನಂತರ ಪೀಠಿಕಾ ಸ್ತ್ರೀವೇಷ, ಆಮೇಲೆ ಪ್ರಸಂಗದೊಳಗಿನ ಸಣ್ಣಪುಟ್ಟ ಪಾತ್ರಗಳು ಎಂಬ ಕ್ರಮವಿತ್ತು. ವೇಷದ ಮೆಟ್ಟಿಲುಗಳೇ ವಿದ್ಯೆಯ ತರಗತಿಗಳೂ ಆಗಿದ್ದುವೆನ್ನಬಹುದು.

ಈ ಏರ್ಪಾಡಿನ ಮರ್ಮವನ್ನು ಗಮನಿಸಬೇಕು. ಕೋಡಂಗಿ ಕುಣಿಯುವ ಹೊತ್ತಿಗೆ ಪ್ರೇಕ್ಷಕರು ಇನ್ನೂ ಬಂದು ಕೂರುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ಆಟ ಕೆಡುವುದಿಲ್ಲ, ಮೇಳಕ್ಕೆ ಅಪಕೀರ್ತಿಯೂ ಇಲ್ಲ. ಆದರೂ ಹಿಂದೆ ಇರುವುದು ನಿಜವಾದ ಮದ್ದಳೆ, ಎದುರಿಗೆ ಇರುವುದು ನಿಜವಾದ ಸಭೆ. ತಪ್ಪಿದ್ದನ್ನು ಮರುದಿನ ಮತ್ತೊಂದು ಊರಿನಲ್ಲಿ ತಿದ್ದಿಕೊಳ್ಳಲು ಎಡೆಯಿತ್ತು. ಹೀಗೆ ಕಲಿಯುವವನ ತಪ್ಪಿಗೆ ರಂಗದಲ್ಲೇ ಸ್ಥಾನ ಕಲ್ಪಿಸಿದುದು ಈ ಸಂಪ್ರದಾಯದ ವಿವೇಕ.

1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾದುದು ಈ ಇತಿಹಾಸದ ಮುಖ್ಯ ತಿರುವು. ಅದರ ಹಿಂದೆ ಕು. ಶಿ. ಹರಿದಾಸ ಭಟ್ಟರ ಶ್ರಮವೂ, 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದಿದ್ದ ಶಿವರಾಮ ಕಾರಂತರ ಪ್ರೇರಣೆಯೂ ಇದ್ದುವು. ನೀಲಾವರ ರಾಮಕೃಷ್ಣಯ್ಯನವರು ಭಾಗವತಿಕೆಯನ್ನೂ, ಹಿರಿಯಡಕ ಗೋಪಾಲ ರಾಯರು ಮದ್ದಳೆಯನ್ನೂ, ಮಟಪಾಡಿ ವೀರಭದ್ರ ನಾಯಕರು ಕುಣಿತವನ್ನೂ ಕಲಿಸಿದರು. ಮೇಳದಲ್ಲಿ ನೋಡಿ ಕಲಿಯುತ್ತಿದ್ದ ಹೆಜ್ಜೆ ಇಲ್ಲಿ ಬಿಡಿಬಿಡಿಯಾಗಿ, ಕ್ರಮಬದ್ಧವಾಗಿ ಕಲಿಸುವ ಪಾಠವಾಯಿತು. ಹೊರದೇಶದವರೂ ಈ ಕಲೆಯತ್ತ ಆಕರ್ಷಿತರಾದರು. ಅಮೆರಿಕದ ಮಾರ್ತಾ ಆಷ್ಟನ್ ಅವರು ಗೋಪಾಲ ರಾಯರಂಥ ಹಿರಿಯರ ಬಳಿ ಕಲಿತು, 1977ರಲ್ಲಿ ಬ್ರೂಸ್ ಕ್ರಿಸ್ಟಿಯವರೊಡನೆ ಯಕ್ಷಗಾನವನ್ನು ಕುರಿತ ಆಂಗ್ಲ ಗ್ರಂಥವನ್ನು ಪ್ರಕಟಿಸಿದರು.

ತರಗತಿಯ ಉಪಕಾರವನ್ನು ಅಲ್ಲಗಳೆಯಲಾಗದು. ಹಳೆಯ ಮೇಳದ ಶಿಕ್ಷಣ ಗಂಡುಮಕ್ಕಳಿಗಷ್ಟೇ ಲಭ್ಯವಿತ್ತು. ಅದಕ್ಕಾಗಿ ಹುಡುಗನು ಶಾಲೆಯನ್ನೂ ನಿದ್ರೆಯನ್ನೂ ತೆರಬೇಕಾಗುತ್ತಿತ್ತು. ಇಂದು ಹೆಣ್ಣುಮಕ್ಕಳೂ ಗೆಜ್ಜೆ ಕಟ್ಟುತ್ತಿದ್ದಾರೆ. ಆದರೆ ಇದೇ ಕಾಲದಲ್ಲಿ ಕಾಲಮಿತಿಯ ಪ್ರದರ್ಶನಗಳು ಹೆಚ್ಚಿ, ಪೂರ್ವರಂಗವು ಸಂಕ್ಷಿಪ್ತವಾಯಿತು. ಎಷ್ಟೋ ಕಡೆ ಕೋಡಂಗಿ ಕಾಣಿಸಿಕೊಳ್ಳುವುದೇ ಇಲ್ಲ. ಪರಿಣಾಮವಾಗಿ ಕಲಿತವನಿಗೆ ರಂಗವುಂಟು, ಕಲಿಯುತ್ತಿರುವವನಿಗಿಲ್ಲ ಎಂಬ ಸ್ಥಿತಿ ಒದಗಿದೆ.

ಸಭಾಲಕ್ಷಣವನ್ನು ಕೇವಲ ಕಾಲಹರಣವೆಂದು ಬಗೆದು ಕೈಬಿಡುವವರು ಈ ಸಂಗತಿಯನ್ನು ಯೋಚಿಸುವುದು ಒಳಿತು. ತರಗತಿ ಹೆಜ್ಜೆಯನ್ನು ಕಲಿಸಬಲ್ಲದು. ಸಭೆಯೆದುರು ತಪ್ಪಿದ ಹೆಜ್ಜೆಯನ್ನು ಮರುದಿನ ಸಭೆಯೆದುರೇ ತಿದ್ದಿಕೊಳ್ಳುವ ಅವಕಾಶವನ್ನು ಕೊಡಬಲ್ಲುದು ರಂಗವೊಂದೇ. ಆಟದ ಆರಂಭದ ಅರ್ಧ ಗಂಟೆಯನ್ನಾದರೂ ಕೋಡಂಗಿಗೆ ಮರಳಿಸಿದರೆ ತರಗತಿಯ ಶ್ರಮವೂ ಸಾರ್ಥಕವಾದೀತು.