ನಾಗರಿಕ ದೂರು ಪರಿಶೀಲನಾ ಮಂಡಳಿ, ನ್ಯೂಯಾರ್ಕ್: ಸದಸ್ಯತ್ವದ ಇತಿಹಾಸ

ನ್ಯೂಯಾರ್ಕ್ ನಗರದ ಪೊಲೀಸರ ವಿರುದ್ಧ ಸಾರ್ವಜನಿಕರು ಸಲ್ಲಿಸುವ ದೂರುಗಳನ್ನು ವಿಚಾರಿಸಿ, ಶಿಸ್ತುಕ್ರಮದ ಬಗ್ಗೆ ಪೊಲೀಸ್ ಆಯುಕ್ತರಿಗೆ ಶಿಫಾರಸು ಮಾಡುವ ಸಂಸ್ಥೆ. ಅತಿಯಾದ ಬಲಪ್ರಯೋಗ, ಅಧಿಕಾರದ ದುರುಪಯೋಗ, ಅಸಭ್ಯ ವರ್ತನೆ ಮತ್ತು ನಿಂದನೆಯ ಮಾತು ಇವು ಅದರ ವಿಚಾರಣೆಯ ವ್ಯಾಪ್ತಿಗೆ ಬರುವ ಮುಖ್ಯ ಆರೋಪಗಳು. ಶಿಕ್ಷೆ ವಿಧಿಸುವ ಅಧಿಕಾರ ಆಯುಕ್ತರ ಕೈಯಲ್ಲೇ ಇರುವುದರಿಂದ ಮಂಡಳಿಯ ಮಾತಿಗೆ ತೂಕ ಬರುವುದು ಅದರ ಸದಸ್ಯರು ಎಷ್ಟು ಸ್ವತಂತ್ರರು ಎಂಬುದರಿಂದ. ಹೀಗಾಗಿ ಸದಸ್ಯರನ್ನು ಯಾರು ನೇಮಿಸಬೇಕು, ಅವರು ಎಷ್ಟು ಕಾಲ ಇರಬೇಕು ಎಂಬ ವಾದವೇ ಈ ಸಂಸ್ಥೆಯ ಚರಿತ್ರೆಯ ಉದ್ದಕ್ಕೂ ಹರಿದುಬಂದಿದೆ.

1953ರಲ್ಲಿ ಸ್ಥಾಪನೆಯಾದಾಗ ಮಂಡಳಿಯ ಹೆಸರಿನಲ್ಲಿ 'ನಾಗರಿಕ' ಎಂಬ ಪದವಿದ್ದರೂ ಅದು ದೂರುದಾರರಿಗಷ್ಟೇ ಅನ್ವಯಿಸುತ್ತಿತ್ತು. ಅದರಲ್ಲಿ ಕುಳಿತಿದ್ದ ಮೂವರೂ ಇಲಾಖೆಯ ಉಪ ಆಯುಕ್ತರು. 1964ರ ಬೇಸಿಗೆಯಲ್ಲಿ ಕಪ್ಪು ಜನಾಂಗದ ಬಾಲಕನೊಬ್ಬ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾಗಿ ಹಾರ್ಲೆಮ್ ಬಡಾವಣೆಯಲ್ಲಿ ಗಲಭೆ ಭುಗಿಲೆದ್ದ ಮೇಲೆ, ಪೊಲೀಸರನ್ನು ಪೊಲೀಸರೇ ವಿಚಾರಿಸುವ ಪದ್ಧತಿಗೆ ವಿರೋಧ ಬಲವಾಯಿತು. 1966ರಲ್ಲಿ ಮೇಯರ್ ಜಾನ್ ಲಿಂಡ್ಸೆ ಹೊರಗಿನ ನಾಲ್ವರನ್ನು ಸೇರಿಸಿ ಸದಸ್ಯರ ಸಂಖ್ಯೆಯನ್ನು 7ಕ್ಕೆ ಏರಿಸಿದರು. ನಾಗರಿಕರಿಗೆ ಒಂದು ಮತದ ಬಹುಮತ ಕೊಟ್ಟ ಈ ಬದಲಾವಣೆಯನ್ನು ಪೊಲೀಸರ ಸಂಘ ಜನಮತಗಣನೆಗೆ ಒಯ್ದು, ಅದೇ ವರ್ಷದ ನವೆಂಬರಿನಲ್ಲಿ ಭಾರೀ ಅಂತರದಿಂದ ರದ್ದುಪಡಿಸಿತು. ಕೆಲವೇ ತಿಂಗಳು ಕೆಲಸ ಮಾಡಿದ ನಾಗರಿಕ ಸದಸ್ಯರು ನಿರ್ಗಮಿಸಿ, ಮಂಡಳಿ ಮತ್ತೆ ಇಲಾಖೆಯೊಳಗೆ ಸೇರಿಹೋಯಿತು.

ಎರಡು ದಶಕಗಳ ನಂತರ, 1986ರಲ್ಲಿ, ನಗರ ಪರಿಷತ್ತು ಮಾಡಿದ ಕಾನೂನು 12 ಸ್ಥಾನಗಳನ್ನು ಸಮನಾಗಿ ಹಂಚಿ, ಅರ್ಧವನ್ನು ಮೇಯರ್ ನೇಮಿಸುವ ನಾಗರಿಕರಿಗೂ ಉಳಿದರ್ಧವನ್ನು ಆಯುಕ್ತರು ಆರಿಸುವ ಇಲಾಖಾ ನೌಕರರಿಗೂ ಕೊಟ್ಟಿತು. ಡೇವಿಡ್ ಡಿಂಕಿನ್ಸ್ ಮೇಯರ್ ಆಗಿದ್ದಾಗ ಪೂರ್ಣ ನಾಗರಿಕ ಮಂಡಳಿಯ ಪ್ರಸ್ತಾವ ಬಂದು, 1992ರ ಸೆಪ್ಟೆಂಬರಿನಲ್ಲಿ ಸಾವಿರಾರು ಪೊಲೀಸರು ನಗರ ಸಭಾಂಗಣದ ಮುಂದೆ ಪ್ರತಿಭಟಿಸಿದರೂ, 1993ರಲ್ಲಿ ಅದು ಜಾರಿಯಾಯಿತು.

ಹೊಸ ಮಂಡಳಿಯ 13 ಸದಸ್ಯರಲ್ಲಿ ಐವರು ಮೇಯರರ ಆಯ್ಕೆ. ಐವರು ಬರೋಗಳೆಂಬ ಐದು ಆಡಳಿತ ವಿಭಾಗಗಳಿಗೆ ಒಬ್ಬರಂತೆ ಪರಿಷತ್ತು ಸೂಚಿಸಿದವರು. ಮೂವರು ಆಯುಕ್ತರು ಸೂಚಿಸಿದವರು. ಪೊಲೀಸ್ ಸೇವೆಯ ಅನುಭವ ಉಳ್ಳವರು ಈ ಮೂರು ಸ್ಥಾನಗಳಿಗಷ್ಟೇ ಬರಬಹುದಿತ್ತು. ಮಂಡಳಿಯ ಯಾರೂ ಬೇರೆ ಸಾರ್ವಜನಿಕ ಹುದ್ದೆಯಲ್ಲಿ ಇರುವಂತಿರಲಿಲ್ಲ. ಅಧಿಕಾರಾವಧಿ ಮೂರು ವರ್ಷವಾದರೂ, ಎಲ್ಲರೂ ಒಮ್ಮೆಗೇ ನಿವೃತ್ತರಾಗಬಾರದೆಂದು ಮೊದಲ ತಂಡದಲ್ಲಿ ನಾಲ್ವರಿಗೆ ಒಂದು ವರ್ಷ, ನಾಲ್ವರಿಗೆ ಎರಡು ವರ್ಷ, ಐವರಿಗೆ ಮೂರು ವರ್ಷ ಎಂದು ನಗರದ ಮೂಲಶಾಸನವಾದ ಸನ್ನದು ನಿಗದಿಪಡಿಸಿತು. ನಮ್ಮ ರಾಜ್ಯಸಭೆಯಂತೆ ಸರದಿಯಲ್ಲಿ ನಿವೃತ್ತಿಯಾಗುವ ಈ ಕ್ರಮದಿಂದ ಹೊಸಬರು ಬಂದಾಗಲೂ ಪ್ರಕರಣಗಳನ್ನು ಬಲ್ಲ ಹಳಬರು ಉಳಿಯುತ್ತಾರೆ. ಹೊಸ ಮೇಯರರು ಬಂದ ದಿನವೇ ಇಡೀ ಮಂಡಳಿ ಬದಲಾಗುವುದಿಲ್ಲ. ಅವಧಿ ಮುಗಿಯುವ ಮುನ್ನ ತೆರವಾದ ಸ್ಥಾನಕ್ಕೆ ಬಂದವರು ಉಳಿದ ಅವಧಿಯನ್ನು ಮಾತ್ರ ಪೂರೈಸುತ್ತಾರೆ.

ಸ್ಥಾನಗಳು ಖಾಲಿ ಬಿದ್ದರೆ ಆಗುವ ತೊಂದರೆ ಲೆಕ್ಕಕ್ಕಷ್ಟೇ ಸೀಮಿತವಲ್ಲ. ದೂರುಗಳನ್ನು ಕನಿಷ್ಠ ಮೂವರ ಪೀಠಗಳು ನಿರ್ಣಯಿಸುತ್ತವೆ. ಒಂದೇ ಮೂಲದಿಂದ ಬಂದವರಷ್ಟೇ ಸೇರಿ ಪೀಠ ರಚಿಸುವಂತಿಲ್ಲ. ಆದ್ದರಿಂದ ಒಂದು ಗುಂಪಿನ ನೇಮಕ ತಡವಾದರೆ ಉಳಿದವರ ಮೇಲೆ ಹೊರೆ ಬೀಳುತ್ತದೆ. ಶಿಸ್ತುಕ್ರಮ ಆರಂಭಿಸಲು ಸಾಮಾನ್ಯವಾಗಿ 18 ತಿಂಗಳ ಗಡುವು ಇರುವುದರಿಂದ ಈ ವಿಳಂಬ ದೂರುದಾರರಿಗೆ ದುಬಾರಿಯಾಗಬಲ್ಲದು.

ಇದೇ ಸಮಸ್ಯೆಗೆ ಬೇರೆ ನಗರಗಳು ಬೇರೆ ದಾರಿ ಹಿಡಿದವು. ಸಿಯಾಟಲ್ ನಗರ 2017ರ ಕಾನೂನಿನಲ್ಲಿ ತನ್ನ ಸಮುದಾಯ ಪೊಲೀಸ್ ಆಯೋಗದ 21 ಸ್ಥಾನಗಳನ್ನು ಮೇಯರ್, ಪರಿಷತ್ತು ಮತ್ತು ಸ್ವತಃ ಆಯೋಗಕ್ಕೆ ತಲಾ ಏಳರಂತೆ ಹಂಚಿತು. 2016ರ ಮತದಾನದಿಂದ ಹುಟ್ಟಿದ ಓಕ್‌ಲೆಂಡ್ ಪೊಲೀಸ್ ಆಯೋಗದಲ್ಲಿ ಏಳು ಮಂದಿ ಪೂರ್ಣ ಸದಸ್ಯರ ಜೊತೆಗೆ ಇಬ್ಬರು ಬದಲಿ ಸದಸ್ಯರೂ ಇರುತ್ತಾರೆ.

ನ್ಯೂಯಾರ್ಕಿನ ಮತದಾರರು 2019ರ ನವೆಂಬರಿನಲ್ಲಿ ಸನ್ನದಿನ ತಿದ್ದುಪಡಿಯನ್ನು ಒಪ್ಪಿ ಮಂಡಳಿಯನ್ನು 15 ಸದಸ್ಯರಿಗೆ ವಿಸ್ತರಿಸಿದರು. ಹೊಸ ಸದಸ್ಯರಲ್ಲಿ ಒಬ್ಬರನ್ನು, ನಾಗರಿಕರ ಪರವಾಗಿ ಆಡಳಿತದ ಮೇಲೆ ಕಣ್ಣಿಡಲು ಚುನಾಯಿತರಾಗುವ 'ಪಬ್ಲಿಕ್ ಅಡ್ವೊಕೇಟ್' ನೇಮಿಸುತ್ತಾರೆ. ಅಧ್ಯಕ್ಷರನ್ನು ಮೇಯರ್ ಮತ್ತು ಪರಿಷತ್ತಿನ ಸ್ಪೀಕರ್ ಒಟ್ಟಾಗಿ ಆರಿಸುತ್ತಾರೆ. ಶಿಸ್ತಿನ ಅಂತಿಮ ನಿರ್ಧಾರ ಮಾತ್ರ ಈ ತಿದ್ದುಪಡಿಯ ನಂತರವೂ ಪೊಲೀಸ್ ಆಯುಕ್ತರದ್ದಾಗಿಯೇ ಉಳಿಯಿತು.